ಹಗೇವಿನಲ್ಲಿ ಎಷ್ಟು ಜೋಳ ಇರಬೇಕು?

ಜುಲೈ ತಿಂಗಳು ಮುಗಿಯುತ್ತ ಬಂದಾಗ ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಊರುಗಳಲ್ಲಿ ಒಂದು ಗಡಿಬಿಡಿ ಶುರುವಾಗುತ್ತದೆ. ಹೊಲದ ಉತಾರ, ಆಧಾರ್, ಬ್ಯಾಂಕಿನ ಪಾಸ್‌ಬುಕ್ಕುಗಳ ಝೆರಾಕ್ಸ್ ಹಿಡಿದುಕೊಂಡು ಜನ ಸಾಲು ನಿಲ್ಲುತ್ತಾರೆ. ತೊಗರಿಗೆ ಬೆಳೆ ವಿಮೆ ತುಂಬುವ ಕೊನೆಯ ದಿನ ಹತ್ತಿರ ಬಂದಿರುತ್ತದೆ. ಸಾಲಿನಲ್ಲಿ ನಿಂತವರಷ್ಟೇ ಜನ ಸಾಲಿನ ಹೊರಗೆ ನಿಂತು ಬೇರೆ ಮಾತಾಡುತ್ತಿರುತ್ತಾರೆ. ನಮ್ಮ ಶಾಲೆಯ ಹುಡುಗನೊಬ್ಬನ ತಂದೆ ನನಗೆ ಹೇಳಿದ್ದು ಹೀಗೆ: ‘ಸರ್, ನಾಕ್ ವರ್ಷ ತುಂಬಿದ್ನಿರಿ. ಒಂದ್ ಪೈಸಾ ಬರ್ಲಿಲ್ಲ. ತುಂಬಿದ್ದೆಲ್ಲಾ ನೀರಾಗ ಹ್ವಾದಂಗಾತು. ಈ ವರ್ಷ ಬ್ಯಾಡ ಅಂತ ಮಾಡೀನ್ರಿ.’

ಈ ಮಾತನ್ನು ನೀವೂ ಕೇಳಿರುತ್ತೀರಿ. ಬಹುಶಃ ನಿಮ್ಮ ಮನೆಯಲ್ಲೇ ಕೇಳಿರುತ್ತೀರಿ. ಇದರಲ್ಲಿ ಎಷ್ಟು ಸರಿ, ಎಷ್ಟು ತಪ್ಪು ಎಂಬುದನ್ನು ಲೆಕ್ಕ ಹಾಕಿ ನೋಡಲು ಸಾಧ್ಯವಿದೆ. ಆ ಲೆಕ್ಕಕ್ಕೆ ಗಣಿತದವರು ಅಪಾಯ ಸಿದ್ಧಾಂತ ಎಂದು ಹೆಸರಿಟ್ಟಿದ್ದಾರೆ. ಹೆಸರು ಕೇಳಿ ಹೆದರಬೇಕಿಲ್ಲ. ಹತ್ತನೆಯ ತರಗತಿಯ ಸಂಭವನೀಯತೆಯ ಅಧ್ಯಾಯ ಗೊತ್ತಿದ್ದರೆ ಅರ್ಧ ದಾರಿ ಬಂದಂತೆ. ಉಳಿದರ್ಧ ದಾರಿ ನಮ್ಮ ಅಜ್ಜಂದಿರಿಗೆ ಗೊತ್ತಿತ್ತು.

ಎತ್ತಿನಿಂದ ಶುರು ಮಾಡೋಣ. ಒಂದು ಊರಿನಲ್ಲಿ ನೂರು ಮನೆಗಳಿವೆ, ಮನೆಗೊಂದು ಎತ್ತು, ಎತ್ತಿನ ಬೆಲೆ 50,000 ರೂಪಾಯಿ ಎಂದಿಟ್ಟುಕೊಳ್ಳಿ. ರೋಗ, ಹಾವು, ಅಪಘಾತ ಎಲ್ಲ ಸೇರಿ ವರ್ಷಕ್ಕೆ ನೂರರಲ್ಲಿ ಸರಾಸರಿ ನಾಲ್ಕು ಎತ್ತು ಸಾಯುತ್ತವೆ. (ಅಂಕಿಗಳು ಲೆಕ್ಕದ ಅನುಕೂಲಕ್ಕೆ ಮಾತ್ರ.) ಯಾರ ಮನೆಯ ಎತ್ತು ಸಾಯುತ್ತದೆಂದು ಯಾರಿಗೂ ಗೊತ್ತಿಲ್ಲ, ನಾಲ್ಕು ಸಾಯುತ್ತವೆಂದು ಮಾತ್ರ ಹೆಚ್ಚುಕಡಿಮೆ ಗೊತ್ತು. ಊರವರೆಲ್ಲ ಕೂಡಿ ಒಂದು ಭಿಶಿಯ ಹಾಗೆ ಮನೆಗೆ 2,000 ರೂಪಾಯಿ ಹಾಕಿದರೆ ಎರಡು ಲಕ್ಷವಾಯಿತು. ನಾಲ್ಕು ಎತ್ತಿನ ಬೆಲೆಯೂ ಅಷ್ಟೇ. ಎತ್ತು ಕಳೆದುಕೊಂಡವನಿಗೆ ಎತ್ತು ಬಂತು, ಉಳಿದವರಿಗೆ 2,000 ಹೋಯಿತು. ವಿಮೆಯ ಮೂಲ ಇಷ್ಟೇ. ಗೊತ್ತಿಲ್ಲದ ದೊಡ್ಡ ನಷ್ಟವನ್ನು ಗೊತ್ತಿರುವ ಸಣ್ಣ ಖರ್ಚಾಗಿ ಬದಲಾಯಿಸಿಕೊಳ್ಳುವುದು.

ಆದರೆ ಸರಾಸರಿ ನಾಲ್ಕು ಎಂದ ಮಾತ್ರಕ್ಕೆ ಪ್ರತಿ ವರ್ಷ ನಾಲ್ಕೇ ಎತ್ತು ಸಾಯುತ್ತವೆಯೆ? ಇಲ್ಲ. ಒಂದು ವರ್ಷ ಎರಡು, ಇನ್ನೊಂದು ವರ್ಷ ಏಳು. ಈ ಏರಿಳಿತಕ್ಕೆ ಒಂದು ಅಳತೆ ಇದೆ. ಪುಸ್ತಕದಲ್ಲಿ ಮಾನಕ ವಿಚಲನೆ ಎನ್ನುತ್ತಾರೆ. ಮನೆಗಳ ಸಂಖ್ಯೆ, ಸಾಯುವ ಸಂಭವ, ಸಾಯದೆ ಉಳಿಯುವ ಸಂಭವ, ಈ ಮೂರನ್ನೂ ಗುಣಿಸಿ ವರ್ಗಮೂಲ ತೆಗೆಯಿರಿ. 100 × 0.04 × 0.96 ಅಂದರೆ 3.84, ಅದರ ವರ್ಗಮೂಲ ಸುಮಾರು 2. ಸರಾಸರಿ ನಾಲ್ಕು, ಏರಿಳಿತ ಎರಡು. ಅಂದರೆ ಸರಾಸರಿಯ ಅರ್ಧದಷ್ಟು ಜೋಲಿ ಹೊಡೆಯುತ್ತದೆ. ಈಗ ಒಂದು ಊರಿನ ಬದಲು ಇಡೀ ತಾಲ್ಲೂಕಿನ 10,000 ಮನೆ ಸೇರಿಸಿ. ಸರಾಸರಿ 400, ಏರಿಳಿತ ಸುಮಾರು 20. ಈಗ ಜೋಲಿ ಸರಾಸರಿಯ ಇಪ್ಪತ್ತರಲ್ಲೊಂದು ಪಾಲು ಮಾತ್ರ. ಜನ ನೂರು ಪಟ್ಟು ಹೆಚ್ಚಾದರೆ ಜೋಲಿ ಹತ್ತು ಪಟ್ಟು ಕಡಿಮೆಯಾಯಿತು. ಹತ್ತೇ ಮನೆಗಳ ಗುಂಪು ಮಾಡಿಕೊಂಡರೆ ಏನಾಗುತ್ತದೆಂದು ವಿದ್ಯಾರ್ಥಿಗಳು ತಾವೇ ಲೆಕ್ಕ ಮಾಡಿ ನೋಡಲಿ. ಏರಿಳಿತ ಸರಾಸರಿಗಿಂತಲೂ ದೊಡ್ಡದಾಗಿ ಬರುತ್ತದೆ. ಗೆಳೆಯರು ನಾಲ್ಕು ಜನ ಸೇರಿ ‘ನಾವೇ ಒಂದು ವಿಮೆ ಮಾಡಿಕೊಳ್ಳೋಣ’ ಎಂದರೆ ನಡೆಯುವುದಿಲ್ಲವೇಕೆ ಎಂಬುದಕ್ಕೆ ಉತ್ತರ ಈ ವರ್ಗಮೂಲದಲ್ಲಿದೆ.

ನೂರು ಮನೆಯ ಊರಿಗೆ ಮರಳೋಣ. ಎರಡು ಲಕ್ಷ ಕೂಡಿಸಿದ್ದಾರೆ. ಐದನೆಯ ಎತ್ತು ಸತ್ತರೆ ಕೊಡಲು ದುಡ್ಡಿಲ್ಲ. ಒಂದು ವರ್ಷದಲ್ಲಿ ಐದು ಅಥವಾ ಅದಕ್ಕಿಂತ ಹೆಚ್ಚು ಎತ್ತು ಸಾಯುವ ಸಂಭವ ಎಷ್ಟು? ಲೆಕ್ಕ ಹಾಕಿದರೆ ನೂರಕ್ಕೆ 37 ಬರುತ್ತದೆ. ಮೂರು ವರ್ಷಕ್ಕೊಮ್ಮೆ ಭಿಶಿ ಮುಳುಗಿದಂತೆ! ಮನೆಗೆ 2,000 ಬದಲು 3,000 ಹಾಕಿದರೆ ಆರು ಎತ್ತಿನವರೆಗೆ ಕೊಡಬಹುದು. ಆಗ ಮುಳುಗುವ ಸಂಭವ ನೂರಕ್ಕೆ ಸುಮಾರು 11ಕ್ಕೆ ಇಳಿಯುತ್ತದೆ. ಆ ಹೆಚ್ಚಿನ 1,000 ಯಾರ ಲಾಭವೂ ಅಲ್ಲ, ಕೆಟ್ಟ ವರ್ಷಕ್ಕೆ ಇಟ್ಟ ಇಡುಗಂಟು. ವಿಮಾ ಕಂಪನಿಯವರು ಸರಾಸರಿ ನಷ್ಟಕ್ಕಿಂತ ಹೆಚ್ಚು ಕಂತು ಏಕೆ ವಸೂಲು ಮಾಡುತ್ತಾರೆ ಎಂದು ಕೇಳುವವರಿಗೆ ಉತ್ತರದ ಒಂದು ಭಾಗ ಇಲ್ಲಿದೆ. (ಇನ್ನೊಂದು ಭಾಗ ಅವರ ಕಚೇರಿ, ಸಂಬಳ, ಲಾಭ. ಅದನ್ನು ಮರೆಮಾಚುವ ಅಗತ್ಯವಿಲ್ಲ.)

ಇಲ್ಲಿ ಹಗೇವಿನ ಮಾತು ಬರುತ್ತದೆ. ಈಗಿನ ಮಕ್ಕಳಿಗೆ ಹಗೇವು ಎಂದರೆ ಗೊತ್ತಿರಲಿಕ್ಕಿಲ್ಲ. ಅಜ್ಜ ಅಜ್ಜಿಯರನ್ನು ಕೇಳಿ. ನೆಲದಲ್ಲಿ ಆಳವಾಗಿ ತೋಡಿದ ಕಣಜ. ಸುತ್ತ ಹುಲ್ಲು ಹಾಸಿ ಜೋಳ ತುಂಬಿ ಬಾಯಿ ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ಕಾಳು ಮತ್ತು ಹುಳು ಉಸಿರಾಡಿ ಒಳಗಿನ ಆಮ್ಲಜನಕ ಮುಗಿದು ಇಂಗಾಲದ ಡೈಆಕ್ಸೈಡ್ ತುಂಬಿಕೊಂಡು ಹುಳು ಸಾಯುತ್ತಿದ್ದವು. ಅದಕ್ಕೇ ಹಗೇವು ತೆಗೆದ ಕೂಡಲೇ ಯಾರನ್ನೂ ಒಳಗೆ ಇಳಿಸುತ್ತಿರಲಿಲ್ಲ. ಗಾಳಿ ಆಡಲು ಬಿಟ್ಟು ಆಮೇಲೆ ಇಳಿಯುತ್ತಿದ್ದರು. ರಸಾಯನ ಶಾಸ್ತ್ರದ ಈ ಪಾಠ ಇನ್ನೊಂದು ವಾರಕ್ಕಿರಲಿ. ನಮಗೆ ಈಗ ಬೇಕಾದದ್ದು ಒಂದೇ ಪ್ರಶ್ನೆ: ಆ ಹಗೇವಿನಲ್ಲಿ ಎಷ್ಟು ಜೋಳ ಇಡಬೇಕು?

ಒಂದು ವರ್ಷದ ಊಟ ಮತ್ತು ಬೀಜಕ್ಕಾಗುವಷ್ಟು ಇಟ್ಟರೆ ಒಂದು ಬರ ದಾಟಬಹುದು. ಎರಡು ವರ್ಷ ಒಂದರ ಹಿಂದೊಂದು ಬರ ಬಿದ್ದರೆ? 1876ರಿಂದ 78ರವರೆಗಿನ ಬರಗಾಲದಲ್ಲಿ ನಮ್ಮ ಭಾಗ ಕಂಡದ್ದು ಅದನ್ನೇ. ಹಾಗಾದರೆ ಐದು ವರ್ಷದ್ದು ಇಡೋಣವೆ? ಅಷ್ಟು ಜೋಳ ನೆಲದಲ್ಲಿ ಹೂತಿಟ್ಟರೆ ಮಗಳ ಮದುವೆಗೆ, ಮಗನ ಫೀಜಿಗೆ, ಬಾವಿ ತೋಡಲು ದುಡ್ಡು ಎಲ್ಲಿಂದ ಬರಬೇಕು? ಕಡಿಮೆ ಇಟ್ಟರೆ ಮನೆತನ ಮುಳುಗುತ್ತದೆ, ಹೆಚ್ಚು ಇಟ್ಟರೆ ಮನೆತನ ಬೆಳೆಯುವುದಿಲ್ಲ.

1903ರಲ್ಲಿ ಸ್ವೀಡನ್ನಿನ ಫಿಲಿಪ್ ಲುಂಡ್‌ಬರ್ಗ್ ಎಂಬಾತ ಉಪ್ಸಲಾ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ ಪ್ರಬಂಧದಲ್ಲಿ ಇದೇ ಪ್ರಶ್ನೆಯನ್ನು ವಿಮಾ ಕಂಪನಿಯ ಬಗ್ಗೆ ಕೇಳಿದ. ಕಂಪನಿಯ ಹತ್ತಿರ ಮೊದಲಿಗೆ ಒಂದಿಷ್ಟು ಇಡುಗಂಟಿದೆ. ಕಂತಿನ ಹಣ ನಲ್ಲಿಯ ನೀರಿನಂತೆ ಒಂದೇ ಸಮನೆ ಬರುತ್ತಿದೆ. ಪರಿಹಾರ ಕೊಡಬೇಕಾದ ಸಂದರ್ಭಗಳು ಮಾತ್ರ ಯಾವಾಗೆಂದರೆ ಆವಾಗ, ಎಷ್ಟೆಂದರೆ ಅಷ್ಟು ಬರುತ್ತವೆ. ಈ ಗಂಟು ಎಂದಾದರೊಂದು ದಿನ ಬರಿದಾಗುವ ಸಂಭವ ಎಷ್ಟು? ಇದಕ್ಕೆ ದಿವಾಳಿಯ ಸಂಭವ ಎನ್ನೋಣ. 1930ರ ನಂತರ ಹೆರಾಲ್ಡ್ ಕ್ರಾಮರ್ ಎಂಬ ಇನ್ನೊಬ್ಬ ಸ್ವೀಡಿಷ್ ಗಣಿತಜ್ಞ ಈ ಲೆಕ್ಕವನ್ನು ಗಟ್ಟಿ ತಳಹದಿಯ ಮೇಲೆ ನಿಲ್ಲಿಸಿದ. ಅವರ ಗಣಿತ ಕಠಿಣ. ಉತ್ತರ ಮಾತ್ರ ಸರಳ. ಸರಾಸರಿ ನಷ್ಟದಷ್ಟೇ ಕಂತು ಪಡೆದರೆ, ಇಡುಗಂಟು ಎಷ್ಟೇ ದೊಡ್ಡದಿರಲಿ, ಒಂದಲ್ಲ ಒಂದು ದಿನ ದಿವಾಳಿ ಖಚಿತ. ಸರಾಸರಿಗಿಂತ ತುಸು ಹೆಚ್ಚು ಪಡೆದರೆ ಇಡುಗಂಟು ಬೆಳೆದಂತೆ ದಿವಾಳಿಯ ಸಂಭವ ಸರಸರನೆ ಇಳಿಯುತ್ತದೆ. ಒಂದು ಹಗೇವು ಇದ್ದಾಗ ಸಂಭವ ಹತ್ತರಲ್ಲೊಂದು ಎಂದಾದರೆ, ಎರಡು ಹಗೇವು ಇದ್ದಾಗ ಹೆಚ್ಚುಕಡಿಮೆ ನೂರರಲ್ಲೊಂದು. ನಮ್ಮ ಹಿರಿಯರು ಲುಂಡ್‌ಬರ್ಗನನ್ನು ಓದಿರಲಿಲ್ಲ. ಆದರೆ ಸುಗ್ಗಿಯಲ್ಲಿ ಉಂಡು ಮಿಕ್ಕಿದ್ದನ್ನೆಲ್ಲ ಮಾರದೆ ಒಂದಿಷ್ಟು ನೆಲಕ್ಕೆ ಹಾಕುತ್ತಿದ್ದರಲ್ಲ, ಅದು ಇದೇ ಲೆಕ್ಕ.

ಇಲ್ಲಿಯವರೆಗೆ ಎಲ್ಲ ಸುಸೂತ್ರ. ಆದರೆ ಎತ್ತಿನ ಲೆಕ್ಕದಲ್ಲಿ ಒಂದು ಮಾತನ್ನು ನಾನು ಸದ್ದಿಲ್ಲದೆ ಒಳಗೆ ಬಿಟ್ಟಿದ್ದೆ. ಚುರುಕು ಹುಡುಗರು ಗಮನಿಸಿರಬಹುದು. ಈರಪ್ಪನ ಎತ್ತು ಸತ್ತರೆ ಅದಕ್ಕೂ ಮಲ್ಲಪ್ಪನ ಎತ್ತಿಗೂ ಸಂಬಂಧವಿಲ್ಲ ಎಂದು ಭಾವಿಸಿದ್ದೆವು. ಗಣಿತದಲ್ಲಿ ಸ್ವತಂತ್ರ ಘಟನೆಗಳು ಎನ್ನುತ್ತೇವೆ. ಎತ್ತುಗಳ ಮಟ್ಟಿಗೆ, ಮನೆಗೆ ಬೆಂಕಿ ಬೀಳುವುದರ ಮಟ್ಟಿಗೆ, ಮೋಟರ್ ಸೈಕಲ್ ಅಪಘಾತದ ಮಟ್ಟಿಗೆ ಇದು ಬಹುಪಾಲು ನಿಜ. ಮಳೆಯ ಮಟ್ಟಿಗೆ ನಿಜವಲ್ಲ. ಮಳೆ ಕೈಕೊಟ್ಟರೆ ಈರಪ್ಪನಿಗೂ ಮಲ್ಲಪ್ಪನಿಗೂ ಒಟ್ಟಿಗೇ ಕೈಕೊಡುತ್ತದೆ. 2023ರಲ್ಲಿ ರಾಜ್ಯ ಸರ್ಕಾರ ಬರಪೀಡಿತ ಎಂದು ಸಾರಿದ ತಾಲ್ಲೂಕುಗಳ ಸಂಖ್ಯೆ 223ಕ್ಕೆ ಮುಟ್ಟಿತು. ನಮ್ಮ ಜಿಲ್ಲೆಯೂ ಅದರಲ್ಲಿತ್ತು. ಇಂಥ ವರ್ಷದಲ್ಲಿ ನೂರು ಮನೆಯ ಭಿಶಿಗೂ ಒಂದೇ ಗತಿ, ಹತ್ತು ಸಾವಿರ ಮನೆಯ ಭಿಶಿಗೂ ಒಂದೇ ಗತಿ. ವರ್ಗಮೂಲದ ಮಂತ್ರ ನಡೆಯುವುದಿಲ್ಲ. ಎಲ್ಲರೂ ಒಂದೇ ದಿನ ಕೈ ಚಾಚಿದರೆ ಕೊಡುವವರು ಯಾರು?

ಎತ್ತಿನ ಭಿಶಿ ಊರವರೇ ನಡೆಸಬಹುದು, ಬೆಳೆ ವಿಮೆಯನ್ನು ಊರವರು ತಾವೇ ನಡೆಸಲಾರರು. ಇಂಡಿಯ ಬರವನ್ನು ಇಂಡಿಯೊಳಗೇ ಹಂಚಿಕೊಳ್ಳಲು ಬರುವುದಿಲ್ಲ. ಆ ವರ್ಷ ಮಳೆಯಾದ ದೂರದ ನಾಡಿನೊಂದಿಗೆ ಹಂಚಿಕೊಳ್ಳಬೇಕು. ಅದಕ್ಕಾಗಿ ವಿಮಾ ಕಂಪನಿಗಳು ತಮ್ಮ ಅಪಾಯದ ಒಂದು ಪಾಲನ್ನು ಇನ್ನೂ ದೊಡ್ಡ ಕಂಪನಿಗಳಿಗೆ ದಾಟಿಸುತ್ತವೆ. ಇದಕ್ಕೆ ಮರುವಿಮೆ ಎಂದು ಹೆಸರು. ವಿಮಾ ಕಂಪನಿಗೇ ವಿಮೆ! ಸ್ವಿಟ್ಜರ್ಲೆಂಡಿನ ಸ್ವಿಸ್ ರೀ 1863ರಲ್ಲಿ, ಜರ್ಮನಿಯ ಮ್ಯೂನಿಕ್ ರೀ 1880ರಲ್ಲಿ ಹುಟ್ಟಿದ್ದು ಈ ಕೆಲಸಕ್ಕೇ. ನಮ್ಮ ದೇಶದಲ್ಲಿ ಜಿಐಸಿ ರೀ ಇದೆ. ಜರ್ಮನಿಯ ಕಂಪನಿಗೆ ಸಿಂದಗಿಯ ಬರವೂ ಜಪಾನಿನ ಭೂಕಂಪವೂ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಘಟನೆಗಳು. ಅಲ್ಲಿ ಮತ್ತೆ ವರ್ಗಮೂಲ ಕೆಲಸ ಮಾಡಲು ಶುರುಮಾಡುತ್ತದೆ.

ಈ ತೊಡಕನ್ನು ಬಹಳ ಹಿಂದೆಯೇ ಯೋಚಿಸಿದವರೊಬ್ಬರು ನಮ್ಮ ಕನ್ನಡ ನಾಡಿನಲ್ಲಿಯೇ ಇದ್ದರು ಎಂಬುದು ಎಷ್ಟು ಜನರಿಗೆ ಗೊತ್ತು? ಮೈಸೂರು ಸಂಸ್ಥಾನದ ಜೆ. ಎಸ್. ಚಕ್ರವರ್ತಿ. 1915ರ ಸುಮಾರಿಗೆ ಅವರು ಮಳೆ ವಿಮೆಯ ಯೋಜನೆಯೊಂದನ್ನು ಮುಂದಿಟ್ಟರು. 1920ರಲ್ಲಿ ಅದು ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬಂತು. ಅವರ ಯೋಚನೆ ಹೀಗಿತ್ತು. ನಮ್ಮ ದೇಶದಲ್ಲಿ ಸಣ್ಣ ಸಣ್ಣ ಹಿಡುವಳಿಗಳು ಲೆಕ್ಕವಿಲ್ಲದಷ್ಟಿವೆ. ಒಬ್ಬೊಬ್ಬ ರೈತನ ಹೊಲಕ್ಕೂ ಹೋಗಿ ನಷ್ಟ ಅಳೆಯುವುದು ಆಗದ ಮಾತು. ಅಳೆಯಲು ಹೋದರೂ ಖರ್ಚು ಹೆಚ್ಚು, ಜಗಳ ಹೆಚ್ಚು. ಅದರ ಬದಲು ಆ ಸೀಮೆಯ ಮಳೆಮಾಪಕ ನೋಡಿ. ಗೊತ್ತುಮಾಡಿದ ಮಟ್ಟಕ್ಕಿಂತ ಮಳೆ ಕಡಿಮೆ ಬಂದರೆ ಆ ಸೀಮೆಯ ವಿಮೆದಾರರಿಗೆಲ್ಲ ಹಣ ಕೊಡಿ. ಮಳೆಮಾಪಕಕ್ಕೆ ಲಂಚ ಕೊಡಲಾಗದು, ಅದು ಸುಳ್ಳು ಹೇಳದು. ಅವರ ಯೋಜನೆ ಜಾರಿಗೆ ಬರಲಿಲ್ಲ. ಆಗ ನಮ್ಮ ಬಿಜಾಪುರ ಮುಂಬಯಿ ಪ್ರಾಂತದಲ್ಲಿತ್ತು. ಮೈಸೂರಿನ ಪುಸ್ತಕ ಬರದ ನಾಡಿಗೆ ಮುಟ್ಟುವ ದಾರಿಯೂ ಇರಲಿಲ್ಲವೆನ್ನಿ. 1970ರ ದಶಕದಲ್ಲಿ ಅರ್ಥಶಾಸ್ತ್ರಜ್ಞ ವಿ. ಎಂ. ದಾಂಡೇಕರ್ ಇದೇ ಕ್ಷೇತ್ರವಾರು ವಿಮೆಯ ವಿಚಾರವನ್ನು ಮತ್ತೆ ಎತ್ತಿದರು. 1985ರಲ್ಲಿ ದೇಶದ ಮಟ್ಟದಲ್ಲಿ ಬೆಳೆ ವಿಮೆ ಬಂತು, 1999ರ ಹಿಂಗಾರಿನಿಂದ ರಾಷ್ಟ್ರೀಯ ಕೃಷಿ ವಿಮೆ, 2016ರ ಮುಂಗಾರಿನಿಂದ ಪ್ರಧಾನ ಮಂತ್ರಿ ಫಸಲ್ ಬಿಮಾ. ಹೆಸರು ಬದಲಾದರೂ ಕ್ಷೇತ್ರವಾರು ಎಂಬ ತಿರುಳು ಉಳಿದಿದೆ. ಈಗ ಮುಖ್ಯ ಬೆಳೆಗಳಿಗೆ ಆ ಕ್ಷೇತ್ರ ಅಂದರೆ ನಿಮ್ಮ ಗ್ರಾಮ ಪಂಚಾಯಿತಿ. ದ್ರಾಕ್ಷಿ, ದಾಳಿಂಬೆಯಂಥ ತೋಟದ ಬೆಳೆಗಳಿಗೆ ಹವಾಮಾನ ಆಧಾರಿತ ವಿಮೆ ಬೇರೆ ಇದೆ. ಚಕ್ರವರ್ತಿಯವರ ಮಳೆಮಾಪಕ ಅಲ್ಲಿ ಇಂದಿಗೂ ಜೀವಂತವಾಗಿದೆ.

ಈಗ ಆ ತಂದೆಯ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಬಹುದು. ಪರಿಹಾರ ಯಾವಾಗ ಬರುತ್ತದೆ? ಪಂಚಾಯಿತಿಯ ಹಿಂದಿನ ಏಳು ವರ್ಷದ ಇಳುವರಿ ತೆಗೆದುಕೊಳ್ಳುತ್ತಾರೆ. ಹೆಕ್ಟೇರಿಗೆ ತೊಗರಿ 900, 400, 800, 1000, 300, 700, 850 ಕಿಲೋ ಎಂದಿಟ್ಟುಕೊಳ್ಳಿ. ಒಳ್ಳೆಯ ಐದು ವರ್ಷ ಆರಿಸಿ ಸರಾಸರಿ ತೆಗೆದರೆ 850. ಅದರ ಒಂದು ಪಾಲನ್ನು, ನೂರಕ್ಕೆ 80 ಎನ್ನೋಣ, ಖಾತ್ರಿ ಇಳುವರಿ ಎಂದು ಹಿಡಿಯುತ್ತಾರೆ: 680 ಕಿಲೋ. ಈ ವರ್ಷ ಪಂಚಾಯಿತಿಯ ಸರಾಸರಿ 510 ಬಂದರೆ ಕೊರತೆ 170. ಅದು 680ರ ನಾಲ್ಕನೆಯ ಒಂದು ಪಾಲು. ವಿಮಾ ಮೊತ್ತ ಹೆಕ್ಟೇರಿಗೆ 50,000 ಇದ್ದರೆ 12,500 ರೂಪಾಯಿ ಬರುತ್ತದೆ. ಸರಾಸರಿ 690 ಬಂದರೆ? ಒಂದು ಪೈಸೆಯೂ ಇಲ್ಲ. 850 ಬರಬೇಕಾದಲ್ಲಿ 690 ಬಂದಿದ್ದು ರೈತನಿಗೆ ನಷ್ಟವೇ ಸರಿ. ಆದರೆ ಆ ಮೊದಲ ನೂರಕ್ಕೆ ಇಪ್ಪತ್ತು ಪಾಲು ನಷ್ಟ ಅವನ ಹಗೇವಿನಿಂದಲೇ ಹೋಗಬೇಕೆಂಬುದು ಈ ವಿಮೆಯ ಕರಾರು. ಆಫೀಸಿನಲ್ಲಿ ಇದನ್ನು ಬಿಡಿಸಿ ಹೇಳುವವರು ಕಡಿಮೆ. ನಾಲ್ಕು ವರ್ಷ ಏನೂ ಬರಲಿಲ್ಲವೆಂದರೆ ಮೋಸವೇ ಆಗಿರಬೇಕೆಂದಿಲ್ಲ; ನಾಲ್ಕು ವರ್ಷ ಪಂಚಾಯಿತಿಯ ಬೆಳೆ ಆ ಗೆರೆಗಿಂತ ಮೇಲಿತ್ತು ಎಂದಿರಬಹುದು.

ಆದರೆ ಇನ್ನೊಂದು ಸಾಧ್ಯತೆಯೂ ಇದೆ, ರೈತರ ಸಿಟ್ಟು ನ್ಯಾಯವಾಗಿರುವುದು ಅಲ್ಲಿಯೇ. ಪಂಚಾಯಿತಿಯ ಸರಾಸರಿ ಚೆನ್ನಾಗಿದ್ದು ನಿಮ್ಮ ಹೊಲ ಮಾತ್ರ ಹಾಳಾದರೆ? 2022ರ ಮುಂಗಾರಿನಲ್ಲಿ ತೊಗರಿಗೆ ನೆಟೆ ರೋಗ ಬಿತ್ತಲ್ಲ, ಅಂಥ ರೋಗದಲ್ಲಿ ಒಂದು ಹೊಲ ಒಣಗಿ ನಿಂತಿದ್ದರೆ ಬದುವಿನಾಚೆಯ ಹೊಲ ಹಸಿರಾಗಿರುವುದುಂಟು. ಡೋಣಿ ದಂಡೆಯ ಹೊಲಕ್ಕೆ ನೀರು ನುಗ್ಗಿದ ವರ್ಷವೇ ಮೇಲಿನ ಮಡ್ಡಿಯ ಹೊಲಕ್ಕೆ ಹದವಾದ ಮಳೆ ಬಿದ್ದಿರುತ್ತದೆ. ಅಳತೆಗೋಲು ಒಂದು, ನಷ್ಟ ಇನ್ನೊಂದು. ಮಳೆಮಾಪಕ ಲಂಚ ತಿನ್ನುವುದಿಲ್ಲ ನಿಜ, ನಿಮ್ಮ ಹೊಲವನ್ನು ನೋಡುವುದೂ ಇಲ್ಲ. ಕ್ಷೇತ್ರವಾರು ವಿಮೆಯ ಈ ಕೊರತೆ ಸಣ್ಣದಲ್ಲ. ಅದನ್ನು ಒಂದಿಷ್ಟು ತುಂಬಲು ಆಲಿಕಲ್ಲು ಮಳೆ, ಹೊಲದಲ್ಲಿ ನೀರು ನಿಲ್ಲುವಂಥ ಸ್ಥಳೀಯ ಹಾನಿಗೆ ಒಬ್ಬೊಬ್ಬರ ಹೊಲ ನೋಡುವ ಅವಕಾಶ ಇಟ್ಟಿದ್ದಾರೆ. ಹಾನಿಯಾದ 72 ತಾಸಿನೊಳಗೆ ತಿಳಿಸಬೇಕು. ಕೊಯ್ದು ಹೊಲದಲ್ಲಿ ಒಣಗಲು ಬಿಟ್ಟ ಬೆಳೆ ಅಕಾಲ ಮಳೆಗೆ ಸಿಕ್ಕರೆ 14 ದಿನದವರೆಗೆ ರಕ್ಷಣೆ ಇದೆ. ಮನೆಯಲ್ಲಿ ಮೊಬೈಲ್ ಬಲ್ಲ ಹುಡುಗರಿರುತ್ತೀರಿ. ಈ 72 ತಾಸಿನ ಲೆಕ್ಕ ಅಪ್ಪನಿಗಿಂತ ನಿಮಗೆ ನೆನಪಿರಲಿ. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಹೊಲಕ್ಕೆ ಯಾವ ಬೆಳೆ ಬರೆದಿದ್ದಾರೆ ಎಂಬುದನ್ನೂ ನೋಡಿಡಿ. ತೊಗರಿಗೆ ವಿಮೆ ತುಂಬಿ, ಸಮೀಕ್ಷೆಯಲ್ಲಿ ಹತ್ತಿ ಎಂದಿದ್ದರೆ ಅರ್ಜಿ ಅಲ್ಲಿಯೇ ನಿಲ್ಲುತ್ತದೆ.

ಹಾಗಾದರೆ ತುಂಬಬೇಕೋ ಬೇಡವೋ? ಇಲ್ಲಿ ಇನ್ನೊಬ್ಬ ಹಳೆಯ ಗಣಿತಜ್ಞನನ್ನು ಕರೆಯಬೇಕು. ಡೇನಿಯಲ್ ಬರ್ನೂಲಿ, ದ್ರವಗಳ ಒತ್ತಡದ ಪಾಠದಲ್ಲಿ ಬರುವಾತನೇ. 1738ರಲ್ಲಿ ಅಚ್ಚಾದ ಅವನ ಲೇಖನದಲ್ಲಿ ಒಂದು ಲೆಕ್ಕವಿದೆ. ಪೀಟರ್ಸ್‌ಬರ್ಗಿನ ವ್ಯಾಪಾರಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮಾಲು ಕೊಂಡಿದ್ದಾನೆ. ಊರಿಗೆ ಬಂದರೆ ಅದು 10,000 ರೂಬಲ್‌ಗೆ ಮಾರುತ್ತದೆ. ದಾರಿಯಲ್ಲಿ ನೂರರಲ್ಲಿ ಐದು ಹಡಗು ಮುಳುಗುತ್ತವೆ. ಅಂದರೆ ಸರಾಸರಿ ನಷ್ಟ 500 ರೂಬಲ್. ಆದರೆ ವಿಮೆಗೆ 800 ಕೇಳುತ್ತಿದ್ದಾರೆ. ಸರಾಸರಿಯ ಲೆಕ್ಕದಲ್ಲಿ 300 ದಂಡ. ವಿಮೆ ಮಾಡಿಸಬೇಕೆ? ಬರ್ನೂಲಿ ಕೇಳಿದ ಮರುಪ್ರಶ್ನೆ: ಆ ವ್ಯಾಪಾರಿಯ ಮನೆಯಲ್ಲಿ ಬೇರೆ ದುಡ್ಡು ಎಷ್ಟಿದೆ? 5,043 ರೂಬಲ್‌ಗಿಂತ ಹೆಚ್ಚಿದ್ದರೆ ವಿಮೆ ಬಿಡಬಹುದು, ಕಡಿಮೆ ಇದ್ದರೆ 800 ಕೊಟ್ಟರೂ ಮಾಡಿಸುವುದೇ ಲೇಸು. ಇದ್ದವನಿಗೆ ಒಂದು ರೂಬಲ್ ಹೋದರೆ ಆಗುವ ನೋವು ಇಲ್ಲದವನಿಗೆ ಆಗುವ ನೋವಿಗಿಂತ ಕಡಿಮೆ ಎಂಬ ತತ್ವದ ಮೇಲೆ, ಲಾಗರಿದಮ್ ಬಳಸಿ, ಅವನು ಈ ಸಂಖ್ಯೆ ತೆಗೆದ. ಪಿಯುಸಿ ಓದುವವರು ಲಾಗ್ ಟೇಬಲ್ ತೆಗೆದು ಪರೀಕ್ಷಿಸಬಹುದು: 15,043ರ ಲಾಗ್ ಅನ್ನು 0.95ರಿಂದ, 5,043ರ ಲಾಗ್ ಅನ್ನು 0.05ರಿಂದ ಗುಣಿಸಿ ಕೂಡಿಸಿ. 14,243ರ ಲಾಗ್ ಬರುತ್ತದೆ.

ನಮ್ಮಲ್ಲಿಗೆ ತಂದರೆ, ಕೊಳವೆಬಾವಿ ಇದ್ದು, ಇಪ್ಪತ್ತೆಕರೆ ಇದ್ದು, ಮನೆಯಲ್ಲೊಬ್ಬರಿಗೆ ಪಗಾರವಿದ್ದರೆ ಅವರ ಹಗೇವು ದೊಡ್ಡದು. ಒಂದು ವರ್ಷದ ತೊಗರಿ ಹೋದರೂ ಮನೆ ನಡೆಯುತ್ತದೆ. ಮೂರೆಕರೆ ಮಳೆಯಾಶ್ರಿತ ಎರೆಹೊಲ, ಮೇಲೆ ಸೊಸೈಟಿ ಸಾಲ ಇರುವವರಿಗೆ ಅದೇ ನಷ್ಟ ಮಕ್ಕಳ ಶಾಲೆ ಬಿಡಿಸಿ ದುಡಿಯಲು ಗೋವಾಕ್ಕೋ ಪುಣೆಗೋ ಹೋಗುವ ನಷ್ಟ. ವಿಮೆಯ ಅಗತ್ಯ ಇವರಿಗೆ ಹೆಚ್ಚು, ತುಂಬಲು ಹಿಂಜರಿಯುವವರೂ ಇವರೇ ಹೆಚ್ಚು. ಬರ್ನೂಲಿಯ ವ್ಯಾಪಾರಿಗೆ ಇಲ್ಲದ ಅನುಕೂಲವೊಂದು ಇವರಿಗಿದೆ. ಮುಂಗಾರು ಬೆಳೆಗೆ ರೈತ ತುಂಬುವುದು ವಿಮಾ ಮೊತ್ತದ ಹೆಚ್ಚೆಂದರೆ ನೂರಕ್ಕೆ 2, ಹಿಂಗಾರಿಗೆ ಒಂದೂವರೆ, ವಾಣಿಜ್ಯ ಮತ್ತು ತೋಟದ ಬೆಳೆಗೆ 5. ನಿಜವಾದ ಕಂತು ಅದಕ್ಕಿಂತ ಹೆಚ್ಚು. ಉಳಿದದ್ದನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಕೊಡುತ್ತವೆ. 50,000ಕ್ಕೆ ರೈತ ತುಂಬುವುದು 1,000. ಮೇಲಿನ ಉದಾಹರಣೆಯ 12,500 ಪರಿಹಾರ ಹನ್ನೆರಡು ವರ್ಷಕ್ಕೊಮ್ಮೆ ಬಂದರೂ ಬರೀ ದುಡ್ಡಿನ ಲೆಕ್ಕದಲ್ಲಿ ಸರಿಹೋಗುತ್ತದೆ. ನಮ್ಮ ಸೀಮೆಯಲ್ಲಿ ಅಂಥ ವರ್ಷ ಹನ್ನೆರಡಕ್ಕೊಂದೇ ಬರುತ್ತದೆಯೆ? ಹಿರಿಯರನ್ನು ಕೇಳಿ ನೋಡಿ. ನನ್ನ ಅಭಿಪ್ರಾಯ ಕೇಳಿದರೆ, ಸಣ್ಣ ಹಿಡುವಳಿಯ ಮಳೆಯಾಶ್ರಿತ ರೈತ ಈ 1,000 ತುಂಬಬೇಕು. ತುಂಬಿ, ಅಕ್ಕಡಿ ಹಾಕುವುದನ್ನೂ ಬಿಡಬಾರದು. ತೊಗರಿಯ ಜೊತೆ ಸಜ್ಜೆ ಇದ್ದರೆ ಒಂದಕ್ಕೆ ಬಂದ ಕೇಡು ಇನ್ನೊಂದಕ್ಕೆ ಬಾರದಿರಬಹುದು. ವಿಮೆಯಿಂದ ಬರುವುದು ದುಡ್ಡು, ಅದೂ ತಿಂಗಳುಗಳ ಮೇಲೆ.

ನಾಲ್ಕು ವರ್ಷ ಬರಲಿಲ್ಲ, ಆದ್ದರಿಂದ ತುಂಬಿದ್ದು ತಪ್ಪು ಎಂಬ ವಾದವನ್ನು ಮಾತ್ರ ಒಪ್ಪಲಾಗದು. ಮಳೆಗಾಲದಲ್ಲಿ ಛತ್ರಿ ಹಿಡಿದು ಹೋದ ದಿನ ಮಳೆ ಬರಲಿಲ್ಲವೆಂದು ಛತ್ರಿ ಒಯ್ದದ್ದು ತಪ್ಪಾಗುತ್ತದೆಯೆ? ನಿರ್ಧಾರವನ್ನು ಅಳೆಯಬೇಕಾದದ್ದು ಅದನ್ನು ಮಾಡುವಾಗ ನಮಗೆ ಏನು ಗೊತ್ತಿತ್ತು ಎಂಬುದರಿಂದ. ಪಾಲಕರಿಗೆ ಇಲ್ಲಿ ಇನ್ನೊಂದು ಮಾತು. ಇದ್ದ ಎರಡೆಕರೆ ಮಾರಿ ಮಗನನ್ನು ದೂರದ ಕೋಚಿಂಗಿಗೆ ಕಳಿಸುವವರನ್ನು ನಾನು ಬಹಳ ನೋಡುತ್ತೇನೆ. ಸೀಟು ಸಿಗುವ ಸಂಭವ ಎಷ್ಟು ಎಂದಷ್ಟೇ ಕೇಳಿದರೆ ಸಾಲದು. ಸಿಗದಿದ್ದರೆ ಮನೆಯ ಹಗೇವಿನಲ್ಲಿ ಏನು ಉಳಿದಿರುತ್ತದೆ ಎಂದೂ ಕೇಳಬೇಕು. ಆ ಹುಡುಗನ ಮೇಲೆ ಬೀಳುವ ಭಾರ ಆಗ ಬರೀ ಪರೀಕ್ಷೆಯದಾಗಿರುವುದಿಲ್ಲ.

ಕೊನೆಯ ದಿನಾಂಕದ ಬಗ್ಗೆಯೂ ಗೊಣಗಾಟವಿದೆ: ಜುಲೈಯಲ್ಲೇ ಏಕೆ, ಆಗಸ್ಟಿನಲ್ಲಿ ಮಳೆ ನೋಡಿಕೊಂಡು ತುಂಬಬಾರದೇಕೆ? ಹಾಗೆ ಬಿಟ್ಟರೆ ಮಳೆ ಕೈಕೊಟ್ಟ ವರ್ಷ ಎಲ್ಲರೂ ತುಂಬುತ್ತಾರೆ, ಒಳ್ಳೆಯ ವರ್ಷ ಯಾರೂ ತುಂಬುವುದಿಲ್ಲ. ಎತ್ತು ಮಲಗಿದ ಮೇಲೆ ಭಿಶಿಗೆ ಸೇರಿದಂತೆ. ಇದೇ ಕಾರಣಕ್ಕೆ ಕೆಲವು ವಿಮೆಗಳನ್ನು ಕಡ್ಡಾಯ ಮಾಡುತ್ತಾರೆ. ನಮ್ಮಂಥ ಸರ್ಕಾರಿ ನೌಕರರ ಪಗಾರದಲ್ಲಿ ಪ್ರತಿ ತಿಂಗಳು ಮುರಿದುಕೊಳ್ಳುವ ಕೆಜಿಐಡಿ ಕಂತು ಹಾಗೆಯೇ. ಮೈಸೂರು ಸಂಸ್ಥಾನದಲ್ಲಿ 1891ರಲ್ಲಿ ಶುರುವಾದದ್ದು. ಸ್ಟಾಫ್ ರೂಮಿನಲ್ಲಿ ಅದರ ಬಗ್ಗೆ ಗೊಣಗದ ಮಾಸ್ತರರನ್ನು ನಾನು ಕಂಡಿಲ್ಲ. ಆರೋಗ್ಯವಂತರು, ಕಾಯಿಲೆಯವರು ಎಲ್ಲರೂ ಇದ್ದಾಗ ಮಾತ್ರ ಸರಾಸರಿ ಸರಾಸರಿಯಾಗಿರುತ್ತದೆ. ಬೆಳೆ ಸಾಲ ಪಡೆದವರಿಗೆ ಫಸಲ್ ಬಿಮಾ ಮೊದಲು ಕಡ್ಡಾಯವಿತ್ತು, 2020ರ ಮುಂಗಾರಿನಿಂದ ಐಚ್ಛಿಕವಾಯಿತು. ರೈತನ ಸ್ವಾತಂತ್ರ್ಯಕ್ಕೆ ಅದು ಒಳ್ಳೆಯದು. ಸಿದ್ಧಾಂತದ ಪ್ರಕಾರ ಕಂತನ್ನು ಏರಿಸುವ ಕಡೆಗೆ ಒಯ್ಯುವಂಥದು.

ವಿದ್ಯಾರ್ಥಿಗಳಿಗೆ ಈ ಸಲದ ಕೆಲಸ ಇದು. ತೊಗರಿ ರಾಶಿಯ ಹೊತ್ತಿಗೆ ನಿಮ್ಮ ಪಂಚಾಯಿತಿಯಲ್ಲಿ ಬೆಳೆ ಕಟಾವು ಪ್ರಯೋಗ ನಡೆಯುತ್ತದೆ. ಒಂದು ಬೆಳೆಗೆ ಪಂಚಾಯಿತಿಗೆ ಕನಿಷ್ಠ ನಾಲ್ಕು. ಯಾವ ಸರ್ವೆ ನಂಬರಿನ ಹೊಲ ಎಂಬುದನ್ನು ಯಾದೃಚ್ಛಿಕ ಸಂಖ್ಯೆಗಳಿಂದ ಆರಿಸುತ್ತಾರೆ. ಆ ಹೊಲದಲ್ಲಿ ಅಳತೆಯ ಚೌಕಟ್ಟು ಹಾಕಿ, ಅಷ್ಟನ್ನು ಮಾತ್ರ ಕೊಯ್ದು, ಕಾಳು ಬಿಡಿಸಿ ತೂಗುತ್ತಾರೆ. ಆ ನಾಲ್ಕು ತೂಕದ ಸರಾಸರಿಯ ಮೇಲೆ ಇಡೀ ಪಂಚಾಯಿತಿಯ ಪರಿಹಾರ ನಿಂತಿದೆ. ದಿನ ಯಾವುದೆಂದು ಕೃಷಿ ಇಲಾಖೆಯವರನ್ನೋ ಗ್ರಾಮ ಆಡಳಿತಾಧಿಕಾರಿಯನ್ನೋ ಕೇಳಿಕೊಂಡು ಹೋಗಿ, ಬದುವಿನ ಮೇಲೆ ನಿಂತು ನೋಡಿ, ನಾಲ್ಕೂ ತೂಕವನ್ನು ನೋಟುಬುಕ್ಕಿನಲ್ಲಿ ಬರೆದುಕೊಳ್ಳಿ. ಆಮೇಲೆ ಆ ನಾಲ್ಕು ಸಂಖ್ಯೆಗಳ ಮಾನಕ ವಿಚಲನೆ ತೆಗೆಯಿರಿ. ನಾಲ್ಕೇ ಹೊಲಗಳಿಂದ ತೆಗೆದ ಸರಾಸರಿ ಎಷ್ಟು ಜೋಲಿ ಹೊಡೆಯಬಹುದೆಂದು ಈಗ ನಿಮಗೆ ಲೆಕ್ಕ ಹಾಕಲು ಬರುತ್ತದೆ. ನಿಮ್ಮ ಅಪ್ಪನ ಹೊಲದ ತೂಕವನ್ನು ಅದರ ಪಕ್ಕಕ್ಕೆ ಬರೆದಿಡಿ.